ಜಿಗಣೆ ಕಚ್ಚಿದ್ದು ಒಂದು ಕಡೆ, ಡಾಕ್ಟರು ನೋಡಿದ್ದು ಇನ್ನೊಂದು ಕಡೆ

ಆಟಿ ತಿಂಗಳಲ್ಲಿ ನಮ್ಮ ಕಡೆ ಯಾರ ಕಾಲು ನೋಡಿದರೂ ಜಿಗಣೆ ಕಚ್ಚಿದ ಗುರುತು ನಾಲ್ಕಾರು ಇದ್ದೇ ಇರುತ್ತವೆ. ಅದನ್ನು ಗಾಯ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನೂ ಹಿಡಿದಿರಲಿಲ್ಲ.

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಐದು ಎಕರೆ ಕಾಫಿ ತೋಟ. ಮೇಲೆ ಅರೇಬಿಕಾ, ಕೆಳಗೆ ಹೊಳೆ ಕಡೆಗೆ ರೋಬಸ್ಟಾ. ಜುಲೈ ಕೊನೆಗೆ ಹಿಡಿದ ಮಳೆ ಬಿಡಲೇ ಇಲ್ಲ. ಚರಂಡಿಯಲ್ಲೆಲ್ಲ ಕಸಕಡ್ಡಿ ತುಂಬಿ ರೋಬಸ್ಟಾ ಬುಡದಲ್ಲಿ ನೀರು ನಿಂತಿತ್ತು. ಆ ವಾರ ಆಳುಗಳೂ ಸಿಗಲಿಲ್ಲ. ನಾನೇ ಗುದ್ದಲಿ ಹಿಡಿದು ಮೂರು ದಿನ ಚರಂಡಿ ಬಿಡಿಸಿದೆ. ಗಂಬೂಟ್ ಹಾಕಿದ್ದೆ ನಿಜ. ಆದರೆ ಮೊದಲ ದಿನವೇ ಅದರೊಳಗೆ ನೀರು ಹೊಕ್ಕಿತ್ತು. ಮರುದಿನ ಬೆಳಿಗ್ಗೆ ಅದೇ ಒದ್ದೆ ಬೂಟಿಗೆ ಕಾಲು ತೂರಿಸಿದೆ. ಮಳೆಗಾಲದಲ್ಲಿ ಅದು ಒಣಗುವುದಾದರೂ ಎಲ್ಲಿ?

ಎರಡನೇ ದಿನ ಎಡಗಾಲಿನ ಮೀನಖಂಡದ ಪಕ್ಕ ಜಿಗಣೆ ಕಚ್ಚಿತು. ಕಿತ್ತು ಬಿಸಾಡಿದೆ. ರಕ್ತ ಸುಮಾರು ಹೊತ್ತು ಸೋರಿತು. ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಅಂಶ ಇರುತ್ತದಲ್ಲ, ಅದಕ್ಕೆ. ಆಮೇಲೆ ತುರಿಕೆ. ರಾತ್ರಿ ನಿದ್ದೆಗಣ್ಣಿನಲ್ಲಿ ಚೆನ್ನಾಗಿ ಕೆರೆದುಕೊಂಡೆ.

ಜುಲೈ 30ರ ರಾತ್ರಿ ಒಮ್ಮೆಲೇ ಚಳಿ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು. ಕಾಲಿನಲ್ಲಿ ಆಗ ಏನೂ ಕಾಣಲಿಲ್ಲ. ಮಳೆಯಲ್ಲಿ ನೆನೆದದ್ದಕ್ಕೆ ಜ್ವರ ಅಂದುಕೊಂಡು ಮನೆಯಲ್ಲಿದ್ದ ಜ್ವರದ ಮಾತ್ರೆ ನುಂಗಿದೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟಾಗ ಜೀವ ಹೋದ ಹಾಗಾಯಿತು. ಪಾದದ ಮೇಲಿಂದ ಮೀನಖಂಡದವರೆಗೆ ಕೆಂಪು. ಮುಟ್ಟಿದರೆ ಕಾದ ಕಾವಲಿ.

ಅವತ್ತು ಒಂದೇ ದಿನದಲ್ಲಿ ಮೂರು ತಪ್ಪು ಮಾಡಿದೆ.

ಒಂದು, ಪಕ್ಕದ ಮನೆಯಲ್ಲೇ ಇರುವ ಚಿಕ್ಕಮ್ಮ ಬಂದು, "ಇದು ಸರ್ಪಸುತ್ತು ಮಗಾ, ಇಂಗ್ಲಿಷ್ ಮದ್ದು ಮಾಡಿದ್ರೆ ಒಳಗೇ ಹೋಗಿಬಿಡ್ತದೆ" ಅಂದರು. ಅರಿಶಿನಕ್ಕೆ ಸುಣ್ಣ ಕಲಸಿ ಮಂಡಿಯವರೆಗೆ ಮೆತ್ತಿದರು. ಬೇಡ ಅನ್ನುವ ಶಕ್ತಿ ನನಗಿರಲಿಲ್ಲ. ಎರಡು, ಬೇಸಿಗೆಯಲ್ಲಿ ಹಲ್ಲುನೋವಿಗೆ ಬರೆದುಕೊಟ್ಟಿದ್ದ ಆಂಟಿಬಯೋಟಿಕ್‌ನಲ್ಲಿ ಎರಡು ಮಾತ್ರೆ ಮಿಕ್ಕಿದ್ದವು. ಅವನ್ನೂ ನುಂಗಿದೆ. ಮೂರನೆಯದು ನನ್ನದೇ ಬುದ್ಧಿವಂತಿಕೆ. ಮೊಬೈಲಿನಲ್ಲಿ ಓದಿ, ಇಂಥದ್ದಕ್ಕೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ "ಕಲ್ಚರ್" ಅನ್ನುವ ಪರೀಕ್ಷೆ ಇದೆ ಅಂತ ತಿಳಿದುಕೊಂಡೆ. ಮಗನ ಬೈಕಿನಲ್ಲಿ ಕುಳಿತು ಪೇಟೆಯ ಒಂದು ಲ್ಯಾಬಿಗೆ ಹೋದೆ. ಅವರೂ ಡಾಕ್ಟರ ಚೀಟಿ ಕೇಳಲಿಲ್ಲ. ಜಿಗಣೆ ಗಾಯದ ಮೇಲೆ ಒಣಗಿದ್ದ ಹೊಪ್ಪಳೆಯ ಮೇಲೆ ಹತ್ತಿಕಡ್ಡಿ ಆಡಿಸಿ, ಕೊಳವೆಯೊಳಗೆ ಹಾಕಿ, ದುಡ್ಡು ತೆಗೆದುಕೊಂಡು ಕಳಿಸಿದರು. ಪರೀಕ್ಷೆಗೆ ಕೊಟ್ಟಾಯ್ತಲ್ಲ, ಇನ್ನು ಮದ್ದು ತಾನಾಗಿ ಗೊತ್ತಾಗುತ್ತದೆ ಅಂತ ನೆಮ್ಮದಿಯಾಗಿ ಮನೆಗೆ ಬಂದೆ.

ಆ ರಾತ್ರಿ ಕೆಂಪು ಇನ್ನೂ ಮೇಲೇರಿತು. ತೊಡೆ ಸಂದಿಯಲ್ಲಿ ಗೆಡ್ಡೆ ಕಟ್ಟಿತು. ಬೆಳಿಗ್ಗೆ ಹೆಂಡತಿ ಒಂದೇ ಮಾತು ಹೇಳಿದಳು: "ರೀ, ಇನ್ನು ನಿಮ್ಮ ಮಾತು ಕೇಳಲ್ಲ. ಜೀಪ್ ಹತ್ತಿ."

ಹಟ್ಟಿಹೊಳೆ, ಮಕ್ಕಂದೂರು ದಾಟಿ ಮಡಿಕೇರಿಗೆ ಬರುವ ದಾರಿ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜಾಗದ ಪಕ್ಕದಲ್ಲೇ ಹಾದುಬರುತ್ತದೆ. ಆ ತಿರುವುಗಳಲ್ಲಿ ಜೀಪು ಒಮ್ಮೊಮ್ಮೆ ಕುಲುಕಿದಾಗಲೂ ಕಾಲಿನೊಳಗೆ ಯಾರೋ ಗೂಟ ಹೊಡೆದ ಹಾಗೆ ಆಗುತ್ತಿತ್ತು.

ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಐವತ್ತರ ಆಸುಪಾಸಿನ ಮೇಡಂ. ನಾನು ಹೋದ ತಕ್ಷಣ ಯಾವುದಾದರೂ ಮೆಷಿನ್ನಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಕಾಲು ನೋಡಿ ಮೊದಲು ಹೇಳಿದ್ದು, "ಇದನ್ನ ತೊಳೆಸಿ."

"ಚಿಕ್ಕಮ್ಮ ಹಾಕಿದ್ದು ಮೇಡಂ."

"ಯಾರು ಹಾಕಿದ್ರೂ ಅಷ್ಟೇ. ಅರಿಶಿನ ಹಚ್ಚಿದ ಕಾಲಲ್ಲಿ ಕೆಂಪು ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ನಾನು ಹೇಗೆ ನೋಡಲಿ?"

ನರ್ಸಮ್ಮ ಉಗುರು ಬೆಚ್ಚಗಿನ ನೀರಿನಲ್ಲಿ ಹಗೂರಕ್ಕೆ ತೊಳೆದರು. ಅಷ್ಟು ಹೊತ್ತೂ ಡಾಕ್ಟರು ಪ್ರಶ್ನೆ ಕೇಳುತ್ತಲೇ ಇದ್ದರು. ಚಳಿ ಮೊದಲು ಬಂತಾ, ಕೆಂಪು ಮೊದಲು ಬಂತಾ? ಎಷ್ಟು ಹೊತ್ತಿನಲ್ಲಿ ಇಷ್ಟು ಹರಡಿತು? ಉರಿಯಾ, ತುರಿಕೆಯಾ, ನೋವಾ? ಸಕ್ಕರೆ ಕಾಯಿಲೆ ಇದೆಯಾ? ಯಾವ ಮದ್ದು ಆಗಿಬರಲ್ಲ? ಈಗಾಗಲೇ ಏನೇನು ನುಂಗಿದ್ದೀರಿ? ಹಲ್ಲುನೋವಿನ ಮಾತ್ರೆ ವಿಷಯ ಹೇಳಲು ನಾಚಿಕೆಯಾಯಿತು. ಹೇಳಿದೆ. ಅವರು ಬಯ್ಯಲಿಲ್ಲ, ಬರೆದುಕೊಂಡರು. ಮೊದಲೇ ಆಂಟಿಬಯೋಟಿಕ್ ತಿಂದಿದ್ದರೆ ಕೀವಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಅದಕ್ಕೇ ಕೇಳಿದ್ದು ಅಂದರು. ಚಳಿ ಮೊದಲು, ಕೆಂಪು ಆಮೇಲೆ ಅಂದಾಗ ತಲೆಯಾಡಿಸಿದರು. ಈ ಕಾಯಿಲೆಯಲ್ಲಿ ಹಾಗೆ ಆಗುವುದು ಇದೆಯಂತೆ.

ಆಮೇಲೆ ಎರಡೂ ಕಾಲಿನ ಪಂಚೆ ಮೇಲೆತ್ತಿಸಿದರು. ನೋವಿರುವುದು ಎಡಗಾಲು ಮೇಡಂ ಅಂದೆ. "ಗೊತ್ತು. ಬಲಗಾಲು ಹೇಗಿದೆ ಅಂತ ನೋಡದೆ ಎಡಗಾಲು ಎಷ್ಟು ಕೆಟ್ಟಿದೆ ಅಂತ ಹೇಗೆ ಹೇಳೋದು?" ಬ್ಯಾಕ್ಟೀರಿಯಾದಿಂದ ಬರುವ ಈ ಊತ ಹೆಚ್ಚುಕಡಿಮೆ ಯಾವಾಗಲೂ ಒಂದೇ ಕಾಲಿಗೆ ಬರುತ್ತದಂತೆ. ಎರಡೂ ಕಾಲು ಒಟ್ಟಿಗೆ ಕೆಂಪಾಗಿದ್ದರೆ ರಕ್ತನಾಳದ ತೊಂದರೆಯೋ, ಅಲರ್ಜಿಯೋ, ಬೇರೇನೋ ಇರಬೇಕು ಅಂತ ಮೊದಲು ಯೋಚಿಸುತ್ತಾರೆ.

ಕೈಯ ಹಿಂಭಾಗ ಇಟ್ಟು ಎರಡೂ ಕಾಲಿನ ಬಿಸಿ ಹೋಲಿಸಿದರು. ನಮ್ಮಂಥ ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ನೇರಳೆ ಅಥವಾ ಕಂದು ಬಣ್ಣದ ಹಾಗೆ ಕಾಣುತ್ತದೆ, ಅದಕ್ಕೇ ಕಣ್ಣಿಗಿಂತ ಕೈಯನ್ನು ನಂಬಬೇಕಾಗುತ್ತದೆ ಅಂದರು. ಬೆರಳಿಂದ ಒತ್ತಿ ಗುಳಿ ಬೀಳುತ್ತದಾ ನೋಡಿದರು. ಪಾದದ ಮೇಲೆ ನಾಡಿ ಹುಡುಕಿದರು. ಮೀನಖಂಡ ಹಿಂಡಿದರು. ರಕ್ತ ಹೆಪ್ಪುಗಟ್ಟಿ ನಾಳ ಕಟ್ಟಿಕೊಂಡರೂ ಒಂದೇ ಕಾಲು ಹೀಗೇ ಊದುತ್ತದಂತೆ. ಆಮೇಲೆ ಕಿವಿ ಹತ್ತಿರ ತಂದು ಚರ್ಮದ ಮೇಲೆ ಮೆಲ್ಲಗೆ ಒತ್ತಿದರು. ಯಾಕೆ ಅಂತ ಆಗ ಹೇಳಲಿಲ್ಲ. ಮೂರನೇ ದಿನ ಕೇಳಿದಾಗ ಹೇಳಿದರು: ಚರ್ಮದ ಕೆಳಗೆ ಚರಚರ ಅಂದರೆ ಒಳಗೆ ಗಾಳಿ ತುಂಬಿದೆ ಅಂತ ಅರ್ಥ. ಕಾಣುವುದಕ್ಕಿಂತ ನೋವು ತುಂಬಾ ಜಾಸ್ತಿ ಇದ್ದರೆ, ಚರ್ಮ ಕಪ್ಪಾಗಿ ಗುಳ್ಳೆ ಎದ್ದಿದ್ದರೆ, ಮುಟ್ಟಿದ್ದು ಗೊತ್ತಾಗದೆ ಇದ್ದರೆ, ಆಳದ ಮಾಂಸವೇ ಸಾಯುತ್ತಿರಬಹುದು. ಆಗ ಪರೀಕ್ಷೆಯ ರಿಪೋರ್ಟಿಗೆ ಕಾಯುವುದಿಲ್ಲ, ನೇರ ಆಪರೇಷನ್ ಥಿಯೇಟರು. ಮೊದಲ ದಿನವೇ ಹೇಳಿದ್ದರೆ ನಾನು ಹೆದರಿಕೆಗೇ ಅರ್ಧ ಹೋಗುತ್ತಿದ್ದೆ ಬಿಡಿ.

"ಸರ್ಪಸುತ್ತು ಅಲ್ವಾ ಮೇಡಂ?"

"ಸರ್ಪಸುತ್ತಾದ್ರೆ ಒಂದು ನರದ ಜಾಡು ಹಿಡಿದು ಸಣ್ಣ ಸಣ್ಣ ನೀರುಗುಳ್ಳೆ ಗುಂಪಾಗಿ ಏಳ್ತವೆ. ಇಲ್ಲಿ ಎಲ್ಲಿದೆ? ಅದು ವೈರಸ್. ಇದು ಸೆಲ್ಯುಲೈಟಿಸ್."

ಅಷ್ಟೇ. ಕುರ್ಚಿಯಲ್ಲಿ ಕುಳಿತು ಹತ್ತು ನಿಮಿಷ ಆಗಿರಬಹುದು. ರಕ್ತ ತೆಗೆದಿರಲಿಲ್ಲ, ಸ್ಕ್ಯಾನ್ ಮಾಡಿರಲಿಲ್ಲ. ಕಾಯಿಲೆಯ ಹೆಸರು ಬಂದೇಬಿಟ್ಟಿತ್ತು. ಚರ್ಮದ ಕೆಳಪದರಕ್ಕೆ ಬ್ಯಾಕ್ಟೀರಿಯಾ ಇಳಿದು ಹರಡುವುದಕ್ಕೆ ಆ ಹೆಸರು. ಇದನ್ನು ಸಾಬೀತು ಮಾಡುವ ಒಂದೇ ಒಂದು ರಕ್ತಪರೀಕ್ಷೆ ಅಂತ ಇಲ್ಲವೇ ಇಲ್ಲ, ಕಣ್ಣು ಕೈಯಿಂದಲೇ ಹೇಳಬೇಕು ಅಂದಾಗ ನನಗೆ ನಂಬಿಕೆ ಬರಲಿಲ್ಲ. ಮತ್ತೆ ಯೋಚಿಸಿದರೆ, ನಾನು ತೋಟದಲ್ಲಿ ಮಾಡುವುದೂ ಇದನ್ನೇ ತಾನೆ. ಅರೇಬಿಕಾ ಗಿಡಕ್ಕೆ ತುಕ್ಕು ರೋಗ ಬಂದಿದೆಯಾ ಅಂತ ತಿಳಿಯಲು ಯಾರೂ ಎಲೆಯನ್ನು ಲ್ಯಾಬಿಗೆ ಕಳಿಸುವುದಿಲ್ಲ. ಎಲೆ ಮಗುಚಿ ನೋಡಿದರೆ ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ.

ಎಲೆ ಮಗುಚಿ ನೋಡುವ ಕೆಲಸ ಮೇಡಂ ಇನ್ನೂ ಮಾಡಿರಲಿಲ್ಲ. ಅದು ಆಮೇಲೆ ಬಂತು.

ಮೇಜಿನಿಂದ ನೀಲಿ ಮಾರ್ಕರ್ ಪೆನ್ ತೆಗೆದು ಕೆಂಪಿನ ಅಂಚಿನುದ್ದಕ್ಕೂ ಗೆರೆ ಎಳೆದರು. ಪಕ್ಕದಲ್ಲಿ "1-8, ಬೆಳಿಗ್ಗೆ 11.40" ಅಂತ ಬರೆದರು. ನಮ್ಮ ಜಾಗ ಅಳತೆ ಮಾಡಲು ಬಂದ ಸರ್ವೇಯರು ಕಲ್ಲು ನೆಟ್ಟ ಹಾಗಿತ್ತು. "ಇವತ್ತು ರಾತ್ರಿ ಇದು ಗೆರೆ ದಾಟಿದ್ರೆ ಹೆದರಬೇಡಿ. ಮದ್ದು ಶುರು ಮಾಡಿದ ಮೊದಲ ದಿನ ಒಂಚೂರು ಹರಡೋದು ಇದೆ. ಜ್ವರ ಇಳೀತಾ, ನೋವು ಕಮ್ಮಿ ಆಯ್ತಾ, ಅದನ್ನ ನೋಡಿ. ಎರಡು ದಿನ ಆದ ಮೇಲೂ ಕೆಂಪು ಏರ್ತಾ ಇದ್ರೆ ನಮ್ಮ ಲೆಕ್ಕ ತಪ್ಪಿದೆ ಅಂತ."

ಜಿಗಣೆ ಕಚ್ಚಿದ ಜಾಗದಲ್ಲಿ ಒಂದು ಉಬ್ಬು ಇತ್ತು. ಎರಡು ಬೆರಳು ಆ ಕಡೆ ಈ ಕಡೆ ಇಟ್ಟು, ಒಂದರಿಂದ ಒತ್ತಿ ಇನ್ನೊಂದಕ್ಕೆ ಅಲುಗಾಟ ತಟ್ಟುತ್ತದಾ ನೋಡಿದರು. "ಒಳಗೆ ಕೀವು ಇರೋ ಹಾಗಿದೆ. ಖಾತ್ರಿ ಇಲ್ಲ. ಇದಕ್ಕೆ ಸ್ಕ್ಯಾನ್ ಬೇಕು." ಅಂತೂ ಮೆಷಿನ್ನು ಬಂತು. ಅಲ್ಟ್ರಾಸೌಂಡ್ ಪರದೆಯಲ್ಲಿ ಊದಿಕೊಂಡ ಕೊಬ್ಬು ದುಂಡುಕಲ್ಲು ಹಾಸಿದ ಹಾದಿಯ ಹಾಗೆ ಕಂಡಿತು. ನಡುವೆ ಒಂದು ಕಪ್ಪು ಮಡು. ಅದೇ ಕೀವು, ಸುಮಾರು ಎರಡು ಸೆಂಟಿಮೀಟರ್. ಸ್ಕ್ಯಾನ್ ಮಾಡುವವರು ಅದೇ ಕಡ್ಡಿಯಿಂದ ತೊಡೆಯ ರಕ್ತನಾಳವನ್ನೂ ಒತ್ತಿ ನೋಡಿದರು. ಒತ್ತಿದಾಗ ನಾಳ ಚಪ್ಪಟೆಯಾದರೆ ಒಳಗೆ ಹೆಪ್ಪು ಇಲ್ಲ ಅಂತ. ಚಪ್ಪಟೆಯಾಯಿತು.

ರಕ್ತದಲ್ಲಿ ಬಿಳಿರಕ್ತಕಣ 14,800 ಇತ್ತು. ಸಾಮಾನ್ಯವಾಗಿ 4,000ದಿಂದ 11,000ದ ಒಳಗೆ ಇರಬೇಕು. ಸಿಆರ್‌ಪಿ ಅನ್ನುವುದೂ ಏರಿತ್ತು. ಇವೆರಡೂ ಮೈಯಲ್ಲಿ ಎಷ್ಟು ದೊಡ್ಡ ಜಗಳ ನಡೆಯುತ್ತಿದೆ ಅಂತ ಹೇಳುತ್ತವೆ, ಯಾರ ಜೊತೆ ಅಂತ ಹೇಳುವುದಿಲ್ಲ. ಸಕ್ಕರೆ ಇದ್ದೇ ಇರುತ್ತದೆ ಅಂತ ಹೆಂಡತಿ ಒಳಗೊಳಗೇ ಹೆದರಿದ್ದಳು, ನಮ್ಮಪ್ಪನಿಗೆ ಇತ್ತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆಯಲ್ಲಿ 5.5 ಬಂತು. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ. ಆಕೆ ಅಲ್ಲೇ ತಲಕಾವೇರಿಗೆ ಹರಕೆ ಹೊತ್ತಳು.

ರಕ್ತವನ್ನೂ ಕಲ್ಚರ್‌ಗೆ ಕಳಿಸಿ ಅಂತ ನಾನೇ ಕೇಳಿದೆ, ಓದಿದ್ದು ತಲೆಯಲ್ಲಿತ್ತಲ್ಲ. ಸಾಧಾರಣ ಸೆಲ್ಯುಲೈಟಿಸ್‌ನಲ್ಲಿ ನೂರು ಜನರ ರಕ್ತ ಕಳಿಸಿದರೆ ಹತ್ತಕ್ಕೂ ಕಮ್ಮಿ ಜನರದ್ದರಲ್ಲಿ ಏನಾದರೂ ಬೆಳೆಯುತ್ತದೆ, ಬಿಪಿ ಇಳಿದಿದ್ದರೆ, ರೋಗಿ ತೀರಾ ಬಸವಳಿದಿದ್ದರೆ ಕಳಿಸುತ್ತೇವೆ, ನಿಮಗೆ ಬೇಡ ಅಂದರು. ಕೀವು ಮಾತ್ರ ಬೇಕು.

ಕೀವು ತೆಗೆದದ್ದನ್ನು ಬರೆಯಲು ನನಗೆ ಇಷ್ಟವಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಸೋಂಕು ತಗುಲಿದ ಜಾಗದಲ್ಲಿ ಅದು ಸರಿಯಾಗಿ ಕೆಲಸ ಮಾಡಲ್ಲ ಅಂತ ಮೊದಲೇ ಹೇಳಿದ್ದರು. ಮಾಡಲಿಲ್ಲ. ಆದರೆ ಅವರು ಮಾಡಿದ ಕ್ರಮ ನೋಡಿ ನನ್ನ ಹಿಂದಿನ ದಿನದ ಪೆದ್ದುತನ ಗೊತ್ತಾಯಿತು. ಮೊದಲು ಮೇಲಿನ ಹೊಪ್ಪಳೆ ತೆಗೆದು ಸಲೈನಿನಲ್ಲಿ ತೊಳೆದರು. ಆಮೇಲೆ ಕೊಯ್ದು, ಒಳಗಿನಿಂದ ಬಂದ ಕೀವನ್ನು ಮಾತ್ರ ತೆಗೆದುಕೊಂಡರು. ಎರಡು ಕೊಳವೆ, ಒಂದು ತಕ್ಷಣ ಸೂಕ್ಷ್ಮದರ್ಶಕಕ್ಕೆ, ಇನ್ನೊಂದು ಬೆಳೆಸಲಿಕ್ಕೆ. ಇಷ್ಟು ಆದ ಮೇಲೇ ಆಂಟಿಬಯೋಟಿಕ್ ಡ್ರಿಪ್ ಹಾಕಿದ್ದು.

"ನಾನು ನಿನ್ನೆಯೇ ಒಂದು ಲ್ಯಾಬಿಗೆ ಕೊಟ್ಟಿದ್ದೇನೆ" ಅಂದೆ. ಎಲ್ಲಿಂದ ತೆಗೆದರು ಅಂತ ಕೇಳಿದರು. ಹೇಳಿದೆ. "ಅಂಗಳದ ಕಸ ಗುಡಿಸಿಕೊಂಡು ಹೋಗಿ, ಮನೆಯೊಳಗೆ ಯಾರಿದ್ದಾರೆ ಅಂತ ಕೇಳಿದ ಹಾಗಾಯ್ತು" ಅಂದರು. ಆ ರಿಪೋರ್ಟು ಮರುದಿನ ಮೊಬೈಲಿಗೆ ಬಂತು. ಚರ್ಮದ ಮೇಲೆ ಎಲ್ಲರಿಗೂ ಇರುವ ಮಾಮೂಲಿ ಬ್ಯಾಕ್ಟೀರಿಯಾ ಬೆಳೆದಿವೆ ಅಂತ ಇತ್ತು. ದುಡ್ಡು ಹೊಳೆಗೆ ಹೋಯಿತು.

ಎಲ್ಲ ಮುಗಿಯಿತು ಅಂದುಕೊಂಡಾಗ ಮೇಡಂ ಮತ್ತೊಂದು ಪ್ರಶ್ನೆ ಕೇಳಿದರು. "ಹೀಗೆ ಕಾಲು ಊದಿದ್ದು ಇದೇ ಮೊದಲಾ?"

ಇಲ್ಲ. ಹೋದ ವರ್ಷ ಸೆಪ್ಟೆಂಬರಿನಲ್ಲಿ, ಕೈಲ್ ಪೋಳ್ದ್ ಹಬ್ಬ ಆದ ವಾರದಲ್ಲಿ, ಇದೇ ಕಾಲು ಊದಿತ್ತು. ಇಷ್ಟು ಜೋರಿರಲಿಲ್ಲ. ಯಾವುದೋ ಇಂಜೆಕ್ಷನ್ ಹಾಕಿಸಿಕೊಂಡು ಕಮ್ಮಿಯಾಗಿತ್ತು.

"ಆಗಲೂ ಜಿಗಣೆ ಕಚ್ಚಿತ್ತಾ?"

ನೆನಪು ಮಾಡಿಕೊಂಡೆ. ಇಲ್ಲ. ಆಗ ಕಾಲಿನಲ್ಲಿ ಒಂದು ಗೀರು ಕೂಡ ಇರಲಿಲ್ಲ.

ಮೇಡಂ ಏನೂ ಮಾತಾಡದೆ ನನ್ನ ಪಾದ ಎತ್ತಿ ಹಿಡಿದರು. ಬೆರಳುಗಳನ್ನು ಒಂದೊಂದಾಗಿ ಅಗಲಿಸಿದರು. ಕಿರುಬೆರಳಿನ ಸಂದಿಯಲ್ಲಿ ಚರ್ಮ ಬೆಳ್ಳಗೆ ಕೊಳೆತು, ಬಿರುಕು ಬಿಟ್ಟಿತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ. ಮಳೆಗಾಲ ಬಂದರೆ ಕೆಸರು ಹುಣ್ಣು ಆಗುತ್ತದೆ, ಗದ್ದೆ ತೋಟ ಅಂದ ಮೇಲೆ ಇದೆಲ್ಲ ಮಾಮೂಲು ಅಂತ ಬಿಟ್ಟಿದ್ದೆ.

"ಇದಕ್ಕೆ ಏನು ಹಚ್ತೀರಿ?"

ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬು. ತುರಿಕೆ ಅಂದರೆ ಅದನ್ನೇ ಕೊಡುತ್ತಾರೆ, ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ವಾರದಲ್ಲಿ ವಾಪಸ್. ಜೂನ್‌ನಿಂದ ನಾಲ್ಕು ಟ್ಯೂಬು ಖಾಲಿಯಾಗಿದ್ದವು. ಹೆಂಡತಿಯ ಬ್ಯಾಗಿನಲ್ಲಿ ಒಂದಿತ್ತು, ತೆಗೆದು ಕೊಟ್ಟಳು. ಮೇಡಂ ಕನ್ನಡಕ ಮೇಲೆತ್ತಿ ಸಣ್ಣ ಅಕ್ಷರ ಓದಿದರು. ಕ್ಲೋಬೆಟಸಾಲ್. ಅದು ತುಂಬಾ ಜೋರಿನ ಸ್ಟಿರಾಯ್ಡ್. ಅದರ ಜೊತೆ ಫಂಗಸ್ಸಿನ ಮದ್ದು, ಬ್ಯಾಕ್ಟೀರಿಯಾದ ಮದ್ದು ಎಲ್ಲ ಸೇರಿಸಿದ ಮಿಶ್ರಣ. ಸ್ಟಿರಾಯ್ಡ್ ಉರಿಯನ್ನೂ ತುರಿಕೆಯನ್ನೂ ಅಡಗಿಸುತ್ತದೆ. ಚರ್ಮದ ಕಾವಲನ್ನೂ ಮಲಗಿಸುತ್ತದೆ. ಫಂಗಸ್ಸು ಆರಾಮವಾಗಿ ಬೆಳೆಯುತ್ತದೆ, ಚರ್ಮ ತೆಳ್ಳಗಾಗುತ್ತದೆ. ನೋಡುವವರಿಗೆ ರೋಗ ಯಾವುದು ಅಂತಲೇ ಗೊತ್ತಾಗದ ಹಾಗೆ ವೇಷ ಬದಲಾಗುತ್ತದೆ.

ಒಂದು ಬ್ಲೇಡಿನ ಮೊಂಡು ಅಂಚಿನಿಂದ ಬೆರಳ ಸಂದಿಯ ಸಿಪ್ಪೆ ಕೆರೆದು ಗಾಜಿನ ತುಂಡಿನ ಮೇಲೆ ಹಾಕಿದರು. ಅದರ ಮೇಲೆ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ತೊಟ್ಟು. ಅದು ಚರ್ಮದ ಚೂರುಗಳನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳನ್ನು ಕರಗಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಕವಲೊಡೆದ ದಾರದ ಹಾಗೆ ಎಳೆಗಳು, ಬೇಕಾದಷ್ಟು. "ಈ ಸಲ ಕೀವು ಕಟ್ಟಿದ್ದು ಜಿಗಣೆ ಗಾಯದಲ್ಲೇ ಇರಬಹುದು. ಆದರೆ ಹೋದ ವರ್ಷ ಬಂದದ್ದು ಈ ಬಾಗಿಲಿಂದ. ಇದನ್ನ ಮುಚ್ಚದೆ ಇದ್ರೆ ಮುಂದಿನ ಮಳೆಗೂ ನೀವು ನನ್ನ ಹತ್ರ ಬರ್ತೀರಿ."

ವಾರ್ಡಿನಲ್ಲಿ ಮೊದಲ ರಾತ್ರಿ ಕೆಂಪು ಗೆರೆ ದಾಟಿ ಒಂದು ಬೆರಳು ಮುಂದೆ ಹೋಯಿತು. ಹೆದರಬೇಡಿ ಅಂದಿದ್ದರೂ ಹೆದರಿದೆ. ಮೊಬೈಲ್ ಟಾರ್ಚ್ ಹಾಕಿ ಹಾಕಿ ನೋಡಿದೆ. ಪಕ್ಕದ ಮಂಚದ ಸುಂಟಿಕೊಪ್ಪದ ಅಜ್ಜ, "ಏನ್ ಸ್ವಾಮಿ, ರಾತ್ರಿ ಪೂರ್ತಿ ಗಡಿ ಕಾಯ್ತಾ ಇದ್ದೀರಾ" ಅಂದರು. ಎರಡನೇ ದಿನ ಮಧ್ಯಾಹ್ನಕ್ಕೆ ಜ್ವರ ಬಿಟ್ಟಿತು. ಅವತ್ತು ಸಂಜೆಗೆ ಕೆಂಪು ಗೆರೆಯ ಒಳಗೆ ಸರಿದಿತ್ತು.

ತಂಗಿ ಮಗಳು ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ನಾನು ಭರ್ತಿಯಾದ ದಿನ ಸಂಜೆಯೇ ಡ್ಯೂಟಿ ಮುಗಿಸಿ ಓಡಿಬಂದಳು. "ಮಾವ, ನಿಮ್ಮ ಕೀವು ನೋಡಿ ಬಂದೆ" ಅಂತ ಮೊಬೈಲ್ ತೋರಿಸಿದಳು. ಈಗಿನ ಮಕ್ಕಳ ಪ್ರೀತಿ ಹೀಗೂ ಇರುತ್ತದೆ. ಫೋಟೋದಲ್ಲಿ ಗುಲಾಬಿ ಹಿನ್ನೆಲೆಯ ಮೇಲೆ ಕಡುನೇರಳೆ ಚುಕ್ಕೆಗಳು, ಗೊಂಚಲು ಗೊಂಚಲಾಗಿ. ಗ್ರಾಮ್ ಬಣ್ಣ ಅಂತ ಅದಕ್ಕೆ ಹೆಸರು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅನ್ನುವ ವೈದ್ಯ 1884ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಅದನ್ನು ಬಿಟ್ಟು ಲ್ಯಾಬು ನಡೆಯಲ್ಲ ಅಂದಳು. ಮೊದಲು ನೇರಳೆ ಬಣ್ಣ, ಅದರ ಮೇಲೆ ಅಯೋಡಿನ್, ಆಮೇಲೆ ಆಲ್ಕೋಹಾಲಿನಲ್ಲಿ ತೊಳೆಯುವುದು, ಕೊನೆಗೆ ಗುಲಾಬಿ ಬಣ್ಣ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆಯನ್ನು ಬಿಟ್ಟುಕೊಡುವುದಿಲ್ಲ. ತೆಳು ಗೋಡೆಯವು ತೊಳೆದುಹೋಗಿ ಗುಲಾಬಿಯಾಗುತ್ತವೆ. ಹತ್ತು ನಿಮಿಷದ ಕೆಲಸ.

"ಈ ಗೊಂಚಲು ನೋಡಿ ಮಾವ, ದ್ರಾಕ್ಷಿ ಥರ ಇಲ್ವಾ? ಸ್ಟಫೈಲೊಕಾಕಸ್. ಸ್ಟ್ರೆಪ್ಟೊಕಾಕಸ್ ಆಗಿದ್ರೆ ಮಣಿಸರದ ಹಾಗೆ ಸಾಲಾಗಿ ಇರೋದು." ನನಗೆ ರೋಬಸ್ಟಾ ಗಂಟಿನಲ್ಲಿ ಒತ್ತೊತ್ತಾಗಿ ಕಚ್ಚಿದ ಕಾಯಿ ಕಂಡಂತಾಯಿತು. ಜಿಗಣೆ ತಂದದ್ದಾ ಅಂತ ಕೇಳಿದೆ. ಚಿಕಿತ್ಸೆಗೆ ಬಳಸುವ ಜಿಗಣೆಗಳ ಹೊಟ್ಟೆಯಲ್ಲಿ ಏರೊಮೊನಾಸ್ ಅನ್ನುವ ಬೇರೆ ಬ್ಯಾಕ್ಟೀರಿಯಾ ಇರುತ್ತದಂತೆ. ಅದು ಗುಲಾಬಿ ಬಣ್ಣದ ಕಡ್ಡಿಯ ಹಾಗೆ ಕಾಣಬೇಕಿತ್ತು, ಒಂದೂ ಇರಲಿಲ್ಲ. "ಈ ದ್ರಾಕ್ಷಿ ಗೊಂಚಲಿನದ್ದು ಹತ್ತರಲ್ಲಿ ಮೂರು ಜನರ ಮೂಗಲ್ಲೇ ಇರುತ್ತೆ. ಜಿಗಣೆ ತೂತು ಮಾಡ್ತು ಅಷ್ಟೇ. ತುಂಬಿದ್ದು ನಿಮ್ಮ ಉಗುರು."

ಮರುದಿನ ಗಾಜಿನ ತಟ್ಟೆಯ ಫೋಟೋ ತಂದಳು. ಕುರಿಯ ರಕ್ತ ಬೆರೆಸಿದ ಕೆಂಪು ಜೆಲ್ಲಿ, ಅದರ ಮೇಲೆ ರಾತ್ರಿ ಪೂರ್ತಿ ಮೈಯ ಶಾಖದಲ್ಲಿ ಬೆಳೆದ ಹೊನ್ನಿನ ಬಣ್ಣದ ಚಿಕ್ಕ ಚಿಕ್ಕ ಬೊಟ್ಟುಗಳು. ಸ್ಟಫೈಲೊಕಾಕಸ್ ಆರಿಯಸ್ ಅನ್ನುವ ಹೆಸರಿನಲ್ಲಿ ಆರಿಯಸ್ ಅಂದರೆ ಲ್ಯಾಟಿನ್‌ನಲ್ಲಿ ಬಂಗಾರದ್ದು ಅಂತ. ಆ ಬೊಟ್ಟಿನ ಸುತ್ತ ಕೆಂಪು ಕರಗಿ ತಿಳಿಯಾಗಿತ್ತು, ರಕ್ತವನ್ನು ತಿಂದಿವೆ. ಇಷ್ಟಕ್ಕೇ ಹೆಸರು ಹಾಕುವುದಿಲ್ಲ. ಪ್ಲಾಸ್ಮಾದಲ್ಲಿ ಬಿಟ್ಟು, ಅದು ಹೆಪ್ಪುಗಟ್ಟುತ್ತದಾ ಅಂತ ನೋಡಿ ಖಾತ್ರಿ ಮಾಡುತ್ತಾರೆ. ನನ್ನದು ಮೊಸರಿನ ಹಾಗೆ ಕಟ್ಟಿತ್ತು. ಎರಡು ಮಾತ್ರೆ ನುಂಗಿದ್ದರೂ ಇದು ಬೆಳೆದದ್ದು ಹೇಗೆ ಅಂದರೆ, ಆ ಮಾತ್ರೆಗೆ ಇದು ಸೊಪ್ಪು ಹಾಕುವ ಜಾತಿಯೇ ಅಲ್ಲವಂತೆ.

ಕೊನೆಯ ತಟ್ಟೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬ್ಯಾಕ್ಟೀರಿಯಾವನ್ನು ತಟ್ಟೆ ತುಂಬ ಸವರಿ, ಅದರ ಮೇಲೆ ಒಂದೊಂದು ಆಂಟಿಬಯೋಟಿಕ್ ಅದ್ದಿದ 6 ಮಿಲಿಮೀಟರಿನ ಕಾಗದದ ಬಿಲ್ಲೆ ಇಡುತ್ತಾರೆ. ಕೆಲಸ ಮಾಡುವ ಮದ್ದಿನ ಸುತ್ತ ಏನೂ ಬೆಳೆಯದೆ ದುಂಡಗೆ ಬಯಲು ಬೀಳುತ್ತದೆ. ಆ ಬಯಲನ್ನು ಸ್ಕೇಲಿನಲ್ಲಿ ಅಳೆಯುತ್ತಾರೆ. ಪೆನಿಸಿಲಿನ್ ಸುತ್ತ ಬ್ಯಾಕ್ಟೀರಿಯಾ ಬಿಲ್ಲೆಗೆ ತಾಗಿಕೊಂಡೇ ಬೆಳೆದಿತ್ತು. ಸೆಫಾಕ್ಸಿಟಿನ್ ಅನ್ನುವ ಬಿಲ್ಲೆಯ ಸುತ್ತ 26 ಮಿಲಿಮೀಟರ್ ಬಯಲು. ಅದು 22 ಅಥವಾ ಮೇಲಿದ್ದರೆ ಎಂಆರ್‌ಎಸ್‌ಎ, ಅಂದರೆ ಮಾಮೂಲಿ ಮದ್ದುಗಳಿಗೆ ಬಗ್ಗದ ಜಾತಿ, ಅಲ್ಲ. ಆ ನಾಲ್ಕಕ್ಷರವನ್ನು ಮೊಬೈಲಿನಲ್ಲಿ ಓದಿ ಮಗ ಎರಡು ದಿನದಿಂದ ಸಪ್ಪಗಿದ್ದ. ಕ್ಲಿಂಡಾಮೈಸಿನ್ ಬಿಲ್ಲೆಯ ಬಯಲು ಮಾತ್ರ ಪಕ್ಕದ ಎರಿಥ್ರೊಮೈಸಿನ್ ಇದ್ದ ಕಡೆಗೆ ಚಪ್ಪಟೆಯಾಗಿ, ಬಾಗಿಸಿದ ಬಿಲ್ಲಿನ ಹಾಗಿತ್ತು. ಮೇಲ್ನೋಟಕ್ಕೆ ಕೆಲಸ ಮಾಡುತ್ತದೆ, ಕೊಡಲು ಶುರು ಮಾಡಿದರೆ ಕೈಕೊಡುತ್ತದೆ ಅಂತ ಅದರ ಅರ್ಥವಂತೆ. ಮೇಡಂ ಅಂದಾಜಿನ ಮೇಲೆ ಶುರು ಮಾಡಿದ್ದ ಮದ್ದು ಸರಿಯಾಗಿಯೇ ಇತ್ತು. ಅದನ್ನೇ ಮುಂದುವರಿಸಿದರು.

ಇದರ ನಡುವೆ ಆಗಸ್ಟ್ 3 ಬಂತು. ಕಕ್ಕಡ ಹದಿನೆಂಟು, ಅಂದರೆ ನಮ್ಮ ಕಡೆಯ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಪಕ್ಕದ ತೋಟದ ಅಕ್ಕ ಸ್ಟೀಲ್ ಡಬ್ಬಿ ತುಂಬ ಆ ಸೊಪ್ಪಿನ ಪಾಯಸ ಕಳಿಸಿದ್ದರು. ನೇರಳೆ ಬಣ್ಣ, ಥೇಟ್ ಆ ಗ್ರಾಮ್ ಬಣ್ಣದ್ದೇ. ಆಸ್ಪತ್ರೆಯ ಗಂಜಿಯಿಂದ ಬೇಸತ್ತಿದ್ದ ನಾನು ಪೂರ್ತಿ ಖಾಲಿ ಮಾಡಿದೆ.

ಮರುದಿನ ಬೆಳಿಗ್ಗೆ ರೌಂಡ್ಸಿಗೆ ಮೊದಲು ಬಂದ ಹೌಸ್ ಸರ್ಜನ್ ಹುಡುಗ ಬಾಗಲಕೋಟೆ ಕಡೆಯವನು. ಮೂತ್ರ ಹೇಗೆ ಹೋಗುತ್ತಿದೆ ಅಂತ ಕೇಳಿದ. ಕೆಂಪಗೆ ಅಂದೆ. ಹುಡುಗನ ಮುಖ ಬಿಳಿಚಿತು. "ಎಷ್ಟ್ ದಿವಸದಿಂದ್ರೀ? ನೋವೈತೇನ್ರೀ?" ಕಿಡ್ನಿಗೆ ಏರಿದೆ ಅಂದುಕೊಂಡನೋ, ಮದ್ದಿನ ದೋಷ ಅಂದುಕೊಂಡನೋ. ಮೂತ್ರ ಪರೀಕ್ಷೆ, ಕಿಡ್ನಿ ಪರೀಕ್ಷೆ, ಮತ್ತೊಂದು ಸ್ಕ್ಯಾನ್ ಅಂತ ಸರಸರ ಬರೆದ. ಕೊಡಗಿನವರೇ ಆದ ನರ್ಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದರು. ಅಷ್ಟರಲ್ಲಿ ಮೇಡಂ ಬಂದರು. ಚೀಟಿ ನೋಡಿದರು. ನನ್ನನ್ನು ನೋಡಿದರು. "ನಿನ್ನೆ ಪಾಯಸ ತಿಂದ್ರಾ?"

"ಹೌದು ಮೇಡಂ."

"ಎಷ್ಟು?"

"ಡಬ್ಬಿ ಪೂರ್ತಿ."

ಮದ್ದು ಸೊಪ್ಪು ತಿಂದರೆ ಮೂತ್ರ ಕೆಂಪಗೆ ಹೋಗುವುದು ಇಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಮೇಡಂ ಆ ಚೀಟಿಗೆ ಅಡ್ಡಗೆರೆ ಎಳೆದು ಹುಡುಗನ ಕೈಗೆ ಕೊಟ್ಟರು. ಬಯ್ಯಲಿಲ್ಲ. "ಮೊದಲು ಏನು ತಿಂದ್ರಿ ಅಂತ ಕೇಳು, ಆಮೇಲೆ ಬರಿ" ಅಂದರು. ಹುಡುಗ ಒಳ್ಳೆಯವನು, ಸಂಜೆ ಬಂದು ಆ ಸೊಪ್ಪು ಹೇಗಿರುತ್ತದೆ ಅಂತ ವಿಚಾರಿಸಿಕೊಂಡು ಹೋದ.

ಐದನೇ ದಿನ ಮನೆಗೆ ಬಿಟ್ಟರು. ಕೊಯ್ದ ಗಾಯ ಆರಲು ಎರಡು ವಾರ ಬೇಕಾಯಿತು. ಚಿಕ್ಕಮ್ಮ ಈಗಲೂ ಅದು ಸರ್ಪಸುತ್ತೇ, ಅರಿಶಿನಕ್ಕೇ ಅರ್ಧ ಇಳಿದಿತ್ತು ಅನ್ನುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ. ಆ ಟ್ಯೂಬು ಒಲೆಗೆ ಹೋಯಿತು. ಬೆರಳ ಸಂದಿಗೆ ಬರೀ ಫಂಗಸ್ಸಿನ ಮುಲಾಮು ನಾಲ್ಕು ವಾರ ಹಚ್ಚಿದೆ. ಗಂಬೂಟು ಎರಡು ಜೊತೆ ಮಾಡಿಕೊಂಡೆ, ಒಂದು ಜೊತೆ ಯಾವಾಗಲೂ ಒಲೆಯ ಅಟ್ಟದ ಪಕ್ಕ ತಲೆಕೆಳಗಾಗಿ ನೇತಾಡುತ್ತಿರುತ್ತದೆ. ಲೈನ್ ಮನೆಯ ಅಸ್ಸಾಮಿನ ಹುಡುಗರಿಗೂ ಸಂಜೆ ಬೆರಳು ಅಗಲಿಸಿ ತೋರಿಸಿ ಅಂದೆ. ಆರು ಜನರಲ್ಲಿ ನಾಲ್ವರಿಗೆ ಸಂದಿ ಕೊಳೆತಿತ್ತು. ಇಬ್ಬರು ಅದೇ ಟ್ಯೂಬು ಹಚ್ಚುತ್ತಿದ್ದರು.

ಸೆಪ್ಟೆಂಬರಿನಲ್ಲಿ ಮತ್ತೆ ತೋರಿಸಲು ಹೋದೆ. ಗಾಯ ಚೆನ್ನಾಗಿ ಮಾಯ್ದಿತ್ತು, ತೋರಿಸುವ ಉತ್ಸಾಹದಲ್ಲಿ ಪಂಚೆ ಮಂಡಿಯವರೆಗೆ ಎತ್ತಿದೆ. ಮೇಡಂ ಅತ್ತ ನೋಡಲೇ ಇಲ್ಲ.

"ಚಪ್ಪಲಿ ಬಿಡಿ," ಅಂದರು. "ಬೆರಳು ಅಗಲ ಮಾಡಿ."